ಬಿಜ್ಜರಗಿಯ ಕೋಡಿಗಲ್ಲು

ಬಿಜ್ಜರಗಿಯ ಜನ ಯಾರಿಗೆ ಬೇಕಾದರೂ ಎದುರು ಮಾತಾಡಿಯಾರು, ಅಯ್ಯಗಳಿಗೆ ಮಾತ್ರ ಆಡುವುದಿಲ್ಲ. ಗೌಡನ ಕಟ್ಟೆಯ ಮೇಲೆ ಕೂತು ಗೌಡನನ್ನೇ ಬಯ್ಯುವಷ್ಟು ಗಟ್ಟಿ ಗುಂಡಿಗೆಯ ಮಂದಿ. ಬದುವಿನ ಗೇಣು ಮಣ್ಣಿಗೆ ಅಣ್ಣತಮ್ಮಂದಿರು ತಲೆ ಒಡೆದುಕೊಂಡು, ಅದೇ ತಲೆಗೆ ಅರಿವೆ ಸುತ್ತಿಕೊಂಡು, ಒಂದೇ ಬಂಡಿಯಲ್ಲಿ ಕೋರ್ಟಿಗೆ ಹೋಗಿಬರುವ ಊರು ಅದು. ಆದರೆ ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಜೋಳಿಗೆ, ಮೊಣಕಾಲ ಕೆಳಗೆ ಜಂಗಿನ ಗಂಟೆ ಕಟ್ಟಿಕೊಂಡ ಜಂಗಮನೊಬ್ಬ ಬಾಗಿಲಿಗೆ ಬಂದು ನಿಂತರೆ ಅವೇ ತಲೆಗಳು ಬಾಗುತ್ತವೆ. ಅಯ್ಯ ಹಗಲನ್ನು ಕತ್ತಲೆ ಎಂದರೂ 'ಹೌದ್ರಿ ಅಯ್ಯಾರ' ಎಂದು ಹೋಗಿ ದೀಪ ಹಚ್ಚಿಯಾರು. ಇದನ್ನು ಭಕ್ತಿ ಎನ್ನಿ, ರೂಢಿ ಎನ್ನಿ. ನನ್ನನ್ನು ಕೇಳಿದರೆ ಅರ್ಧ ಭಕ್ತಿ, ಅರ್ಧ ಮೈಗಳ್ಳತನ. ಒಪ್ಪಿಕೊಂಡುಬಿಟ್ಟರೆ ವಿಚಾರ ಮಾಡುವ ಕೆಲಸ ತಪ್ಪುತ್ತದಲ್ಲ.

ಇಂಥ ಊರಿಗೆ ೧೯೪೪ರ ಶ್ರಾವಣದಲ್ಲಿ, ಹೊಲಕ್ಕೆ ಒಡ್ಡು ಹಾಕಿ ಮಳೆನೀರು ಹಿಡಿಯುವುದನ್ನು ಕಲಿಸಲೆಂದು ಒಬ್ಬನನ್ನು ಕಳಿಸಿದರು. ಅವನು ಅಯ್ಯನೇ ಆಗಿದ್ದದ್ದು ಎಲ್ಲ ಪಜೀತಿಗೂ ಮೂಲ.

ಅವನ ಹೆಸರು ಗುರುಪಾದಯ್ಯ. ಬಬಲೇಶ್ವರದ ಮಠಪತಿಗಳ ಮನೆಯವನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ, ಆದರೂ ಮನೆತನದ ಜೋಳಿಗೆ ಅವನ ಹೆಗಲಿಗೇ ಬರುವುದು ಎಲ್ಲರಿಗೂ ಗೊತ್ತಿದ್ದ ಮಾತು. ಹಿಂದಿನ ಬರಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದಾಗ ಅವನೇ ಅದನ್ನು ಹೊತ್ತು ಊರೂರು ತಿರುಗಿದ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಡೋಣಿ ಹೊಳೆಯ ಸೀಮೆಯಲ್ಲಿ ಆ ವರ್ಷ ಗುಬ್ಬಿಗೂ ಕಾಳಿರಲಿಲ್ಲ. ಆದರೂ ಜೋಳಿಗೆ ಒಂದು ದಿನವೂ ಬರಿದಾಗಿ ಮನೆಗೆ ಬರಲಿಲ್ಲ. ಒಂದು ಬಾಗಿಲಲ್ಲಿ ಮುದುಕಿಯೊಬ್ಬಳು, ಬೀಜಕ್ಕೆಂದು ಬೂದಿಯಲ್ಲಿ ಕಲಸಿಟ್ಟ ಜೋಳವನ್ನೇ ಊದಿ ತಂದು ಹಾಕಿದಳು. ಮನೆಗೆ ಬಂದು ಕೊಡವಿದರೆ ಜೋಳಿಗೆಯ ತಳದಲ್ಲಿ ಬೂದಿ. ಅವರು ಬಿತ್ತಬೇಕಾದದ್ದನ್ನು ನಾನು ತಿಂದೆ ಎಂಬ ಸಂಕಟ ಅವನನ್ನು ಮತ್ತೆ ಬಿಡಲಿಲ್ಲ. ಇಸಿದುಕೊಂಡದ್ದು ಸಾಕು, ಇನ್ನು ಏನಾದರೂ ಕೊಟ್ಟೇ ಆ ಬಾಗಿಲುಗಳಿಗೆ ಹೋಗಬೇಕು ಎಂದು ಅವನು ಗಟ್ಟಿ ಮಾಡಿಕೊಂಡ.

ಅದೇ ಹೊತ್ತಿಗೆ ವಿಜಾಪುರದಲ್ಲಿ, ಅಂದರೆ ಈಗ ನೀವು ವಿಜಯಪುರ ಎನ್ನುವ ಊರಿನಲ್ಲಿ, ಬೇಸಾಯದ ಕಾಮಗಾರರ ತರಗತಿ ತೆರೆಯಿತು. ಕಾಮಗಾರ ಎಂದರೆ ಹಳ್ಳಿಯಲ್ಲೇ ಉಳಿದು ರೈತರಿಗೆ ಮಣ್ಣು, ನೀರು ಉಳಿಸುವುದನ್ನು ಕಲಿಸುವವನು. ಗುರುಪಾದಯ್ಯ ಹೋಗಿ ಸೇರಿಕೊಂಡ. ತಾಯಿ ಅಕ್ಕನಾಗಮ್ಮ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ನಿಮ್ಮಪ್ಪನ ಜೋಳಿಗಿ ಗೂಟಕ್ಕೈತಿ. ಅದಕ್ಕೇನು ಪರೀಕ್ಷಾ ಕೊಡೂದು ಬ್ಯಾಡ" ಎಂದಷ್ಟೇ ಹೇಳಿ ರೊಟ್ಟಿಬುತ್ತಿ ಕಟ್ಟಿಕೊಟ್ಟಳು.

ಕಲಿಸುವವರು ಗುರುರಾಜರಾಯರು. ಕರಿ ಕೋಟು, ಕರಿ ಟೊಪ್ಪಿಗೆ, ಎರಡಕ್ಕೂ ಎರೆಮಣ್ಣು. ಸಿಟ್ಟು ಮೂಗಿನ ತುದಿಯಲ್ಲೇ. ಊರ ಹೊರಗಿನ ಹೊಲದಲ್ಲಿ ಬಿಸಿಲಿಗೆ ನಿಲ್ಲಿಸಿಯೇ ಪಾಠ ಹೇಳುತ್ತಿದ್ದರು. "ಮಳಿ ಅಂದ್ರ ಮನಿಗೆ ಬಂದ ಬೀಗರು. ಕೂಡ್ರಿಸ್ರಿ, ಉಣಸ್ರಿ, ಇಟ್ಟುಕೊಳ್ಳೂವಷ್ಟು ದಿನ ಇಟ್ಟುಕೊಳ್ರಿ. ಆದ್ರ ಹೋಗ್ತೀವಿ ಅಂದಾಗ ಬಾಗಲಾ ಹಾಕಬ್ಯಾಡ್ರಿ. ಹಾಕಿದ್ರ ಗ್ವಾಡಿ ಒಡಕೊಂಡು ಹೋಗ್ತಾರ. ಒಡ್ಡಿಗೆ ಇಡೋ ಆ ಬಾಗಲಕ್ಕೇ ಕೋಡಿ ಅಂತಾರ. ಒಡ್ಡಿನ ತೆಲಿಗಿಂತ ಕೋಡಿ ಕೆಳಗಿರಬೇಕು, ಅದಕ್ಕ ಕಲ್ಲಿನ ಹೊಸ್ತಿಲಾ ಇರಬೇಕು. ತಿಳೀತ?"

ಪರೀಕ್ಷೆಯ ವಿಷಯದಲ್ಲಿ ಅವರದೇ ಒಂದು ರೀತಿ. ಕಾಮಗಾರನನ್ನು ಅವರು ಏನೂ ಕೇಳುವುದಿಲ್ಲ. ಅವನು ಕಲಿಸಿದ ಊರಿಗೆ ಹೋಗಿ, ಅವನನ್ನು ದೂರ ನಿಲ್ಲಿಸಿ, ರೈತರನ್ನೇ ಕೇಳುತ್ತಾರೆ. "ಏನು ಮಾಡೀರಿ ಅಂತ ನಾ ಕೇಳೂದಿಲ್ಲ, ಅದು ಕಣ್ಣಿಗೆ ಕಾಣಸ್ತದ. ಯಾಕ ಮಾಡೀರಿ ಅಂತ ಕೇಳ್ತೀನಿ. ಅವರು ಹೇಳಿದ್ರ ನೀವು ಪಾಸು. ಹೇಳಲಿಲ್ಲಂದ್ರ ನಿಮ್ಮ ಮನಿಗೆ ನೀವು."

ತಿಕೋಟಾದ ಅಬ್ದುಲಗನಿಗೆ ಅರಕೇರಿ ಬಂತು, ಗುರುಪಾದಯ್ಯನಿಗೆ ಬಿಜ್ಜರಗಿ. ಇಬ್ಬರೂ ತರಗತಿಯಲ್ಲಿ ಒಂದೇ ಚಾಪೆಯ ಗೆಳೆಯರು. ಅಬ್ದುಲಗನಿ ನಿಟ್ಟುಸಿರುಬಿಟ್ಟ. "ನಿನ್ನ ದೈವ ಚಲೋ ಐತಿ ಅಯ್ಯಾ. ನೀ ಬಾಯಿ ತೆಗದ್ರ ಮಂದಿ ಕೈ ಮುಗೀತಾರ. ನಾ ಬಾಯಿ ತೆಗದ್ರ, ನಿಮ್ಮಪ್ಪ ಯಾರು, ನಿಮಗೆಷ್ಟು ಹೊಲ ಐತಿ ಅಂತ ಕೇಳ್ತಾರ."

ಅವನ ಮಾತು ಸುಳ್ಳಾಗಲಿಲ್ಲ. ಬಿಜ್ಜರಗಿಯಲ್ಲಿ ಗುರುಪಾದಯ್ಯ ಬಂಡಿಯಿಂದ ಇಳಿಯುವ ಮೊದಲೇ ಪಾದಕ್ಕೆ ನೀರು ಬಂತು, ಕೂಡಲು ಕಂಬಳಿ ಬಂತು. ಮೊದಲ ಒಡ್ಡು ಮುರಿಗೆವ್ವನ ಹೊಲದಲ್ಲಿ ಎಂದು ಗೊತ್ತಾಯಿತು. ಮುರಿಗೆವ್ವ ಗಂಡ ಸತ್ತ ಮೇಲೆ ತಾನೇ ಎತ್ತು ಹೂಡಿ ಬೇಸಾಯ ಮಾಡುತ್ತಿದ್ದ ಹೆಂಗಸು. ನಾಲಗೆ ಕುಡುಗೋಲು ಎಂದು ಊರಲ್ಲಿ ಹೆಸರು. ಅವಳದು ಮೇಲಿನ ಹೊಲ. ಕೆಳಗಿನದು ಅವಳ ಮೈದುನ ಗುರಲಿಂಗಪ್ಪನದು. ನಡುವಿನ ಬದುವಿನ ಸಲುವಾಗಿ ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು, ಬೈಗುಳ ಮಾತ್ರ ನಡೆದಿತ್ತು. ಅಯ್ಯ ಬಂದು "ಒಡ್ಡು ಇಬ್ಬರ ಹೊಲದಾಗೂ ಆಗಬೇಕು, ಮ್ಯಾಲಿನ ಕೋಡಿ ನೀರು ಕೆಳಗಿನ ಒಡ್ಡಿಗೆ ಇಳೀಬೇಕು" ಎಂದಾಗ ಇಬ್ಬರೂ ಒಂದೇ ಉಸಿರಿನಲ್ಲಿ "ಆಗಲ್ರಿ ಅಯ್ಯಾರ" ಎಂದರು. ಊರೇ ಬೆರಗಾಯಿತು. ಗುರುಪಾದಯ್ಯ ಬೀಗಿದ. ಬೀಗಬಾರದಿತ್ತು.

ಒಡ್ಡನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಎಳೆಯಬೇಕು. ಮಟ್ಟ ನೋಡಲು ವಿಜಾಪುರದಲ್ಲಿ ದುರ್ಬೀನಿನಂಥ ಯಂತ್ರವಿತ್ತು. ಹಳ್ಳಿಗೆ ಅದು ಬರುವಂತಿರಲಿಲ್ಲ. ಅದಕ್ಕೆ ರಾಯರು ಮಟ್ಟಗೋಲು ಮಾಡುವುದನ್ನು ಕಲಿಸಿದ್ದರು. ಎರಡು ಜಾಲಿಯ ಗಳ ತುದಿಗೆ ಸೇರಿಸಿ ಕಾಲು ಅಗಲಿಸಿ ನಿಲ್ಲಿಸುವುದು, ನಡುವೆ ಒಂದು ಅಡ್ಡಪಟ್ಟಿ ಬಿಗಿದು ಅದರ ಮಧ್ಯಕ್ಕೆ ಒಂದು ಗೀರು ಹಾಕುವುದು, ತುದಿಯಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಡುವುದು. ದಾರ ಅಡ್ಡಪಟ್ಟಿಯ ನಡುಗೀರಿಗೆ ಬಂದು ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದು ಅರ್ಥ. ಅಲ್ಲಿ ಗೂಟ ಹೊಡೆದು ಮುಂದೆ ಸಾಗಬೇಕು. ದಾರಕ್ಕೆ ಕಟ್ಟಲು ತೂಕ ಬೇಕಾದಾಗ ಗುರುಪಾದಯ್ಯ ಹಿಂದೆಮುಂದೆ ನೋಡದೆ ತನ್ನ ಕಾಲಿನ ಜಂಗನ್ನು ಬಿಚ್ಚಿ ಕಟ್ಟಿದ. ಹಿತ್ತಾಳೆಯ ಗಂಟೆ, ಒಳ್ಳೆಯ ಭಾರ, ನಡೆದಾಗ ಇಂಪಾಗಿ ಸದ್ದು ಮಾಡುತ್ತಿತ್ತು.

ಮರುದಿನ ಹೊಲಕ್ಕೆ ಬಂದು ನೋಡಿದರೆ ಮಟ್ಟಗೋಲಿಗೆ ವಿಭೂತಿ ಬಳಿದಿದ್ದಾರೆ, ಕಣಗಿಲೆ ಹೂ ಏರಿಸಿದ್ದಾರೆ. ಅಯ್ಯನ ಜಂಗು ಇರುವ ಗಳವನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. "ಹಿಡೀರಿ, ನೀವ ನೋಡ್ರಿ" ಎಂದರೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿಯುತ್ತಾರೆ. ಕೊನೆಗೆ ಅವನೇ ಗಳ ಹಿಡಿದು ಹೊಲವೆಲ್ಲ ನಡೆದ. ಅವನು ತೋರಿದಲ್ಲಿ ಅವರು ಗೂಟ ಹೊಡೆದರು, ಗೂಟದ ಗುಂಟ ಮಣ್ಣು ಎಳೆದರು. ಯಾಕೆ ಇಲ್ಲಿ, ಯಾಕೆ ಅಲ್ಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೆಲಸ ಸರಸರ ನಡೆಯಿತು. ಪುಣ್ಯದ ಕೆಲಸವೆಂದು ಪಕ್ಕದ ಓಣಿಯವರೂ ಬುಟ್ಟಿ ಹೊತ್ತರು.

ಆ ವಾರ ತಿಕೋಟಾದ ಸಂತೆಯಲ್ಲಿ ಅಬ್ದುಲಗನಿ ಸಿಕ್ಕಿದ. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. "ಒಂದು ಗೂಟ ಹೊಡಿಬೇಕಾದ್ರ ಅರಕೇರಿ ಮಂದಿ ನನ್ನ ಜೀವಾ ತಿಂತಾರ. ಇಲ್ಲ್ಯಾಕ, ಅಲ್ಲ್ಯಾಕಲ್ಲ, ನಿನ್ನ ಗಳಾನ ಡೊಂಕ ಐತಿ ಅಂತಾರ. ನಿನ್ನಿ ಒಬ್ಬಾಂವ ಮಟ್ಟಗೋಲು ಕಸಗೊಂಡು ತಾನ ನೋಡಿದಾ. ಒಡ್ಡು ಇನ್ನೂ ಅರ್ಧಾ ಆಗಿಲ್ಲ." ಗುರುಪಾದಯ್ಯ ಅವನಿಗೆ ಚಹಾ ಕುಡಿಸಿ ಸಮಾಧಾನ ಹೇಳಿದ. ನನ್ನ ಒಡ್ಡುಗಳು ಮುಗಿಯುತ್ತ ಬಂದವು ಎಂದೂ ಹೇಳಿದ. ಹೇಳುವಾಗ ಸಂತೋಷವಾಯಿತು.

ಒಡ್ಡು ಮುಗಿದ ದಿನ ಮಲ್ಲಯ್ಯನ ಗುಡಿಯ ಮುಂದೆ ಮಂದಿ ಕೂಡಿತ್ತು. ನಾಲ್ಕು ಮಾತು ಹೇಳಿರಿ ಎಂದರು. ಗುರುಪಾದಯ್ಯನಿಗೆ ಬರಗಾಲ ನೆನಪಾಯಿತು, ಜೋಳಿಗೆಯ ತಳದ ಬೂದಿ ನೆನಪಾಯಿತು. "ಇನ್ನ ಮ್ಯಾಲ ನಿಮ್ಮ ಹೊಲದ ಒಂದು ಹನಿ ನೀರೂ ಹೊರಗ ಹೋಗಬಾರದು" ಎಂದ. ಎದೆಯಾಳದಿಂದ ಬಂದ ಮಾತು. ಆದರೆ ಅಯ್ಯನ ಬಾಯಿಂದ ಬಂದ ಮೇಲೆ ಅದು ಮಾತಲ್ಲ, ಅಪ್ಪಣೆ.

ಸೋಮವಾರದ ಪೂಜೆಗೆಂದು ಬಬಲೇಶ್ವರಕ್ಕೆ ಹೋಗಿ ಮರಳಿ ಬರುವಷ್ಟರಲ್ಲಿ ಬಿಜ್ಜರಗಿಯವರು ಅಪ್ಪಣೆ ನಡೆಸಿಬಿಟ್ಟಿದ್ದರು. ಮುರಿಗೆವ್ವನ ಒಡ್ಡಿಗೆ ಬಿಟ್ಟಿದ್ದ ಕೋಡಿಯನ್ನು ಕಲ್ಲು ಮಣ್ಣು ಹಾಕಿ ಮುಚ್ಚಿ, ಮೇಲೆ ಸೆಗಣಿ ಸಾರಿಸಿ, ಕುಂಕುಮ ಹಚ್ಚಿದ್ದರು. ಒಂದು ಹನಿಯೂ ಹೋಗಬಾರದಲ್ಲ. ನೋಡಿದೊಡನೆ ಗುರುಪಾದಯ್ಯ ಅದನ್ನು ತೆಗೆಸಬೇಕು ಎಂದುಕೊಂಡ. ಆದರೆ ಮುರಿಗೆವ್ವ ಕೈ ಮುಗಿದು, ಅವನ ಮಾತು ಉಳಿಸಿಕೊಂಡ ಸಂತೋಷದಿಂದ ಎದುರಿಗೇ ನಿಂತಿದ್ದಳು. ಕೊಟ್ಟ ಮಾತನ್ನು ಅಯ್ಯ ಹಿಂದಕ್ಕೆ ತೆಗೆದುಕೊಂಡ ಉದಾಹರಣೆ ಅವನ ಮನೆತನದಲ್ಲಿರಲಿಲ್ಲ. ನಾಳೆ ಸಮಾಧಾನದಿಂದ ಹೇಳಿದರಾಯಿತು ಎಂದು ಸುಮ್ಮನಾದ. ಆಡಿದ್ದು ಒಂದು ತಪ್ಪು, ಆಡದೆ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪು.

ಮಳೆ ನಾಳೆಯವರೆಗೆ ಕಾಯಲಿಲ್ಲ. ಹುಬ್ಬಿ ನಕ್ಷತ್ರದ ಮಳೆ ಅದೇ ಇಳಿಹೊತ್ತಿನಲ್ಲಿ ಗುಡುಗುತ್ತ ಬಂತು. ಮಳೆ ಬಂದರೆ ಕೇಡಿಲ್ಲ, ಮಗ ಉಂಡರೆ ಕೇಡಿಲ್ಲ ಎನ್ನುತ್ತಾರೆ. ಆ ದಿನ ಮಳೆಯಿಂದಲೂ ಕೇಡಾಯಿತು. ಮುರಿಗೆವ್ವನ ಒಡ್ಡಿನ ಹಿಂದೆ ನೀರು ಏರಿತು, ಹೋಗಲು ಬಾಗಿಲು ಹುಡುಕಿತು, ಸಿಗಲಿಲ್ಲ. ಒಡ್ಡಿನ ತಲೆ ಹತ್ತಿ ನಡುವೆಯೇ ಕಡಿದುಕೊಂಡು ಒಮ್ಮೆಗೇ ಕೆಳಗೆ ನುಗ್ಗಿತು. ಗುರಲಿಂಗಪ್ಪನ ಒಡ್ಡೂ ಹೋಯಿತು, ಅವನ ಹೊಲದ ಮೇಲ್ಮಣ್ಣೂ ಹಳ್ಳ ಸೇರಿತು.

ಮರುದಿನ, ಬರಬಾರದ ಹೊತ್ತಿಗೆ ಸರಿಯಾಗಿ, ಗುರುರಾಜರಾಯರು ಪರೀಕ್ಷೆಗೆ ಬಂದರು. ವಿಜಾಪುರದಿಂದ, ಯುದ್ಧಕಾಲದ ಪೆಟ್ರೋಲಿನ ಅಭಾವಕ್ಕೆ ಇದ್ದಿಲಗ್ಯಾಸಿನಿಂದ ಓಡುತ್ತಿದ್ದ ಮೋಟಾರಿನಲ್ಲಿ ತಿಕೋಟಾಕ್ಕೆ, ಅಲ್ಲಿಂದ ಕೆಸರಿನಲ್ಲಿ ಬಂಡಿ ಮಾಡಿಕೊಂಡು. ಒಡೆದ ಒಡ್ಡಿನ ಮೇಲೆ ನಿಂತು ಅವರು ಗುರುಪಾದಯ್ಯನ ಕಡೆ ನೋಡಲಿಲ್ಲ. ಮುರಿಗೆವ್ವನನ್ನು ಕೇಳಿದರು. "ಕೋಡಿ ಯಾಕ ಮುಚ್ಚಿದ್ರಿ?"

"ಅಯ್ಯಾರ ಮಾತು ಆಗಿತ್ರಿ."

"ಅವರು ಕೋಡಿ ಬಿಡಿಸಿದಾಗ ಯಾಕ ಅಂತ ಕೇಳಿದ್ರೇನು?"

"ಅಯ್ಯಾರಿಗೆ ಹೆಂಗ ಕೇಳೂದ್ರಿ?"

"ಮತ್ತ ಒಡ್ಡು ಯಾಕ ಒಡೀತು?"

ಅವಳ ಬದಲು ಗುರಲಿಂಗಪ್ಪ ಹೇಳಿದ. "ನಮ್ಮ ಭಕ್ತಿ ಕಡಿಮಿ ಬಿತ್ತ್ರಿ." ಬದುವಿನ ಗೇಣು ಮಣ್ಣಿಗೆ ಅತ್ತಿಗೆಯ ಮೇಲೆ ಫಿರ್ಯಾದು ಮಾಡಿದ್ದ ಮನುಷ್ಯ, ಅವಳ ಹೊಲದ ನೀರು ತನ್ನ ಹೊಲವನ್ನೇ ಹೊತ್ತುಕೊಂಡು ಹೋದರೂ ಒಂದು ಬೈಗುಳ ಬೈಯಲಿಲ್ಲ. ಯಾಕೆಂದರೆ ಅದು ಅಯ್ಯ ಹಾಕಿಸಿದ ಒಡ್ಡು. ಅವನು ಬೈದಿದ್ದರೆ ಗುರುಪಾದಯ್ಯನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ರಾಯರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಸಿಟ್ಟು ಬರಬೇಕಾದಲ್ಲಿ ಅವರಿಗೆ ಸಿಟ್ಟು ಬರಲಿಲ್ಲ, ಅದಕ್ಕೇ ಗುರುಪಾದಯ್ಯನಿಗೆ ಅಂಜಿಕೆಯಾಯಿತು. "ನೀ ಇವರಿಗೆ ಕಲಿಸಿಲ್ಲ, ಅಪ್ಪಣಿ ಮಾಡೀದಿ. ಅಪ್ಪಣಿ ನೀ ಇರೋತನಕ ನಡೀತದ. ನೀ ಬಂಡಿ ಹತ್ತಿದ ಮ್ಯಾಲ ಇವರ ಕಡೆ ಏನು ಉಳೀತದ? ಈ ಹುಬ್ಬಿ ಬೆನ್ನಿಗೆ ಬರೋ ಉತ್ತರಿ ಮಳಿ ಮುಗಿಯೋದರಾಗ ಮತ್ತ ಬರ್ತೀನಿ. ಅದ ಕಡೀದು."

ಆ ಸಂಜೆ ಗುರುಪಾದಯ್ಯ ಎಲ್ಲ ಬಿಟ್ಟು ಬಬಲೇಶ್ವರಕ್ಕೆ ಹೊರಟ. ತಿಕೋಟಾದಲ್ಲಿ ಮೋಟಾರಿಗೆ ಕಾಯುವಾಗ ಅಬ್ದುಲಗನಿ ಬಂದು ಪಕ್ಕದಲ್ಲಿ ಕೂತ. ಅರಕೇರಿಯಲ್ಲಿ ಅವನು ಪಾಸಾಗಿದ್ದ. ರಾಯರು ಒಂದು ಪ್ರಶ್ನೆ ಕೇಳಿದರೆ ನಾಲ್ವರು ಎದ್ದು ಉತ್ತರ ಕೊಟ್ಟರಂತೆ, ಒಬ್ಬನ ಉತ್ತರ ತಪ್ಪೆಂದು ಇನ್ನೊಬ್ಬ ಜಗಳಕ್ಕೆ ಬಿದ್ದನಂತೆ. ಎಲ್ಲ ಕೇಳಿಕೊಂಡು ಗುರುಪಾದಯ್ಯ, "ನನ್ನ ಕೂಡ ಯಾರೂ ಜಗಳಾಡೂದಿಲ್ಲ" ಎಂದ. ಆ ಮಾತಿನಲ್ಲಿದ್ದ ದುಃಖಕ್ಕೆ ಅಬ್ದುಲಗನಿ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ನಿನ್ನ ಕೂಡ ಆಡೂದಿಲ್ಲ, ಖರೆ" ಎಂದ ಅಬ್ದುಲಗನಿ. "ಆದ್ರ ತಮ್ಮ ತಮ್ಮೊಳಗ ಜಗಳಾಡೂದ್ರಾಗ ಬಿಜ್ಜರಗಿ ಮಂದಿನ ಹಿಂದ ಹಾಕೋರು ಈ ಸೀಮ್ಯಾಗ ಯಾರದಾರ? ನೀ ನಡುವ ನಿಂತಿ, ಅದಕ್ಕ ಸುಮ್ಮನಾಗ್ಯಾರ."

ಮೋಟಾರು ಬಂತು. ಮನೆಯ ಗೂಟದಲ್ಲಿ ಜೋಳಿಗೆ ತೂಗುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಅದನ್ನು ಹೊತ್ತು ಮತ್ತೆ ಮುರಿಗೆವ್ವನ ಬಾಗಿಲಿಗೇ ಹೋಗಬೇಕು, ಮೇಲ್ಮಣ್ಣು ಕಳೆದುಕೊಂಡ ಗುರಲಿಂಗಪ್ಪನೂ ಒಂದು ಹಿಡಿ ಜೋಳ ಹಾಕುತ್ತಾನೆ, ಕೈ ಮುಗಿದೇ ಹಾಕುತ್ತಾನೆ. ಅದನ್ನು ಮಾತ್ರ ತಾನು ತಿನ್ನಲಾರೆ ಎಂದು ಗುರುಪಾದಯ್ಯನಿಗೆ ನಿಚ್ಚಳವಾಗಿ ಗೊತ್ತಾಯಿತು. ಮೋಟಾರು ಹೋಯಿತು, ಅವನು ಹತ್ತಲಿಲ್ಲ. ಬೆಳಗಾದೊಡನೆ ಬಿಜ್ಜರಗಿಯ ದಾರಿ ಹಿಡಿದು ನಡೆದ.

ಹೊಲಕ್ಕೆ ಮಂದಿಯನ್ನು ಕರೆಸಿ, ಎಲ್ಲರ ಎದುರಿಗೆ ಮಟ್ಟಗೋಲಿನಿಂದ ಜಂಗನ್ನು ಬಿಚ್ಚಿ ಅರಿವೆಯಲ್ಲಿ ಕಟ್ಟಿ ಇಟ್ಟುಕೊಂಡ. ಗಳಕ್ಕೆ ಬಳಿದ ವಿಭೂತಿಯನ್ನು ನೀರು ಹಾಕಿ ತೊಳೆದ. ಒಡೆದ ಒಡ್ಡಿನಿಂದಲೇ ಒಂದು ಕಲ್ಲು ಹೆಕ್ಕಿ ದಾರಕ್ಕೆ ಕಟ್ಟಿದ. ಆಮೇಲೆ ಹೇಳಿದ. "ಮುಚ್ಚಿದ ಕೋಡಿ ನಿಮ್ಮ ತಪ್ಪಲ್ಲ. ನನ್ನ ಮಾತಿನ ತಪ್ಪು. ನೀರು ಹೋಗಾಕ ಬಾಗಲಾ ಇರಬೇಕು, ಇಲ್ಲಂದ್ರ ಒಡ್ಡು ಒಡಿತೈತಿ. ಇದನ್ನ ನಾ ಮೊದಲ ಹೇಳಬೇಕಾಗಿತ್ತು. ಮಾತಾಡಿ ನಿಮ್ಮ ಒಡ್ಡು ಕೆಡಿಸೇನಿ. ಅದಕ್ಕ ಇವತ್ತಿನಿಂದ ಮೌನ ಹಿಡೀತೀನಿ. ನೀವ ಮಟ್ಟಾ ನೋಡಿ, ನೀವ ಒಡ್ಡು ಹಾಕಿ, ನೀವ ಕೋಡಿಗೆ ಕಲ್ಲು ಕೂಡ್ರಿಸಿ, ರಾಯರು ಬಂದು ನೋಡೂತನಕ ನನ್ನ ಬಾಯಿಂದ ಮಾತು ಬರೂದಿಲ್ಲ."

ಅಯ್ಯಗಳ ಮೌನವ್ರತ ಬಿಜ್ಜರಗಿಗೆ ಹೊಸದಲ್ಲ. ಅದನ್ನು ಮುರಿಸುವುದು ಪಾಪ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಏನೂ ಕೇಳುವಂತಿಲ್ಲ. ಗುರುಪಾದಯ್ಯ ಬೇವಿನ ಮರದ ಕೆಳಗೆ ಹೋಗಿ ಕೂತ. ಮಂದಿ ಒಡ್ಡಿನ ಸುತ್ತ ಕೂತರು. ಅವನು ಕಣ್ಣು ಸನ್ನೆಯನ್ನಾದರೂ ಮಾಡಿಯಾನು ಎಂದು ಬಿಸಿಲು ಏರುವವರೆಗೆ ಕಾದರು. ಅವನು ಕಣ್ಣನ್ನೂ ಮುಚ್ಚಿಕೊಂಡ.

ಕೊನೆಗೆ ಗುರಲಿಂಗಪ್ಪನಿಗೆ ತಾಳ್ಮೆ ಹೋಯಿತು. ಅವನ ಹೊಲದ ಮಣ್ಣು, ಅವನಿಗೆ ಅವಸರ. ಎದ್ದುಹೋಗಿ ಮಟ್ಟಗೋಲು ಎತ್ತಿದ. ಈಗ ಅದರಲ್ಲಿದ್ದುದು ಬರಿಯ ಕಲ್ಲು, ಮುಟ್ಟಲು ಅಂಜಿಕೆಯಿರಲಿಲ್ಲ. ನಾಲ್ಕು ಸಲ ಊರಿ, ಎತ್ತಿ, ಒಂದು ಕಡೆ "ಇಲ್ಲಿ" ಎಂದ.

"ಅದೆಂಗ ಅಲ್ಲಿ?" ಎಂದಳು ಮುರಿಗೆವ್ವ. ಬಹಳ ದಿನಗಳ ಮೇಲೆ ಕುಡುಗೋಲು ಹೊರಗೆ ಬಂದಿತ್ತು. "ದಾರ ನಡುಗೀರಿಗೆ ಬಂದೇ ಇಲ್ಲ. ನಿನ್ನ ಹೊಲಕ್ಕ ಬೇಗ ನೀರು ಬರಲಂತ ಗಳಾ ವಾಲಿಸಾಕತ್ತೀದಿ. ನಿಮ್ಮಣ್ಣ ಇದ್ದಾಗಿಂದ ನಿನ್ನ ಬುದ್ಧಿ ನನಗ ಗೊತ್ತೈತಿ."

"ನಿನ್ನ ಕಣ್ಣ ವಾಲ್ಯಾವ. ನೀನ ಹಿಡಿದು ನೋಡು ಬಾ."

ಅವಳು ಸೆರಗು ಸಿಕ್ಕಿಸಿ ಬಂದು ಹಿಡಿದಳು. ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಅವಳು ಹೊಡೆದ ಗೂಟವನ್ನು ಅವನು ಕಿತ್ತ, ಅವನದನ್ನು ಅವಳು ಕಿತ್ತಳು. ಯಾರದು ಸರಿ ಎಂದು ಅಯ್ಯನನ್ನು ಕೇಳುವಂತಿಲ್ಲ. ಓಣಿಯವರು ಎರಡು ಪಕ್ಷವಾದರು. ಗುರುಬಸವ್ವ ಎಂಬ ಮುದುಕಿ, "ಬಾಯಿ ಮಾತಿನ್ಯಾಕ, ನೀರ ಹೊಯ್ದು ನೋಡ್ರಿ" ಎಂದಳು. ಗೂಟದ ಗುಂಟ ಸಣ್ಣ ಕಾಲುವೆ ಗೀರಿ ಕೊಡದಿಂದ ನೀರು ಹೊಯ್ದರು. ನೀರು ಗುರಲಿಂಗಪ್ಪನ ಗೂಟಗಳ ಗುಂಟ ಒಂದೇ ಕಡೆ ಜಾರಿತು. ಅವನ ಮುಖ ಸಣ್ಣದಾಯಿತು, ಮುರಿಗೆವ್ವನದು ಅರಳಿತು. ಎರಡನೆಯ ದಿನ ಅವಳ ಗೂಟಗಳ ಗುಂಟವೂ ನೀರು ಜಾರಿತು, ಆಗ ಅವನು ಊರಿಗೆಲ್ಲ ಕೇಳುವಂತೆ ನಕ್ಕ. ಮೂರನೆಯ ದಿನ ಇಬ್ಬರೂ ಜಗಳಾಡುತ್ತ ಹೊಡೆದ ಗೂಟಗಳ ಗುಂಟ ನೀರು ಎತ್ತಲೂ ಜಾರದೆ ನಿಂತಿತು.

ಮರದ ಕೆಳಗೆ ಗುರುಪಾದಯ್ಯನ ಪಾಡು ಹೇಳತೀರದು. ಅವರ ತಪ್ಪು ಅವನಿಗೆ ಮೊದಲೇ ಕಾಣುತ್ತಿತ್ತು. ನಾಲಗೆಯ ತುದಿಗೆ ಮಾತು ಬಂದು ನಿಲ್ಲುತ್ತಿತ್ತು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನುಂಗಿಕೊಳ್ಳುತ್ತಿದ್ದ. ಮಾತಾಡಿ ಕಲಿಸುವುದು ಸುಲಭ, ಸುಮ್ಮನಿದ್ದು ಕಲಿಸುವುದು ಹಲ್ಲು ಕಿತ್ತಿಸಿಕೊಂಡಷ್ಟು ಕಷ್ಟ. ಆದರೂ ಅವನು ಸೋಲಲಿಲ್ಲ. ತೀರ ತಡೆಯದಾದಾಗ ಎದ್ದು ಬುಟ್ಟಿ ಹೊತ್ತು ಮಣ್ಣು ಸುರಿಯುತ್ತಿದ್ದ. ಅಯ್ಯಾರು ಮಣ್ಣು ಹೊರಬಾರದು ಎಂದು ಮೊದಲ ದಿನ ಬುಟ್ಟಿ ಕಸಿದುಕೊಳ್ಳಲು ಬಂದರು. ನಾಲ್ಕನೆಯ ದಿನ ಮುರಿಗೆವ್ವ, "ಇಲ್ಲಿ ಹಾಕ್ರಿ, ಅಲ್ಲಿ ಬ್ಯಾಡ" ಎಂದು ಅವನಿಗೇ ಜಾಗ ತೋರಿಸಿದಳು. ಅವನು ಅಲ್ಲೇ ಹಾಕಿದ.

ಕೋಡಿಯ ಜಗಳ ಎಲ್ಲಕ್ಕಿಂತ ದೊಡ್ಡದಾಯಿತು. ಎಷ್ಟು ಎತ್ತರ ಇಡಬೇಕು? ನೀರು ನನ್ನಲ್ಲಿ ಹೆಚ್ಚು ನಿಲ್ಲಲಿ ಎಂದು ಮುರಿಗೆವ್ವನ ಆಸೆ, ಬೇಗ ಕೆಳಗೆ ಬರಲಿ ಎಂದು ಗುರಲಿಂಗಪ್ಪನ ಆಸೆ. ಹೊಲದ ಮೂಲೆಯಲ್ಲಿ ಮಡಿ ಕಟ್ಟಿದಂತೆ ಒಂದು ಪುಟ್ಟ ಒಡ್ಡು ಕಟ್ಟಿ, ಕೋಡಿಯನ್ನು ಒಮ್ಮೆ ಮೇಲಿಟ್ಟು, ಒಮ್ಮೆ ಕೆಳಗಿಟ್ಟು, ಕೊಡಗಟ್ಟಲೆ ನೀರು ಸುರಿದರು. ಮೇಲಿಟ್ಟಾಗೆಲ್ಲ ಅದು ಒಡೆಯಿತು. ತೀರ ಕೆಳಗಿಟ್ಟಾಗ ನೀರು ನಿಲ್ಲದೆ ಓಡಿಹೋಯಿತು. ಒಡೆದಾಗ ಯಾರೂ ಭಕ್ತಿ ಕಡಿಮೆ ಬಿತ್ತು ಎನ್ನಲಿಲ್ಲ. ನೀರು ಎಲ್ಲಿ ಮೊದಲು ತಲೆ ಹತ್ತಿತು ಎಂದು ಬಗ್ಗಿ ನೋಡಿದರು. ಕೊನೆಗೆ ಅತ್ತಿಗೆ ಮೈದುನರಿಬ್ಬರೂ ಒಂದು ಎತ್ತರಕ್ಕೆ ಒಪ್ಪಿ, ಹಳ್ಳದಿಂದ ಚಪ್ಪಟೆ ಕಲ್ಲೊಂದನ್ನು ಒಟ್ಟಿಗೇ ಹೊತ್ತು ತಂದು ಕೋಡಿಗೆ ಹೊಸ್ತಿಲಾಗಿ ಹಾಕಿದರು. ಬಯ್ಯುತ್ತಲೇ ಹೊತ್ತು ತಂದರು.

ಉತ್ತರಿಯ ಕಡೆಯ ಪಾದದಲ್ಲಿ ಗುರುರಾಜರಾಯರು ಬಂದರು. ಅಬ್ದುಲಗನಿಯೂ ಬಂಡಿ ಹತ್ತಿ ಬಂದಿದ್ದ. ಪಶ್ಚಿಮದಲ್ಲಿ ಮೋಡ ಕಪ್ಪಗೆ ಹೆಪ್ಪುಗಟ್ಟಿತ್ತು. ಗುರುಪಾದಯ್ಯ ಕೈ ಮುಗಿದು ದೂರ ನಿಂತ. "ಏನಪಾ, ಹೆಂಗದ?" ಎಂದರೆ ಉತ್ತರವಿಲ್ಲ. ಮೌನ ಹಿಡಿದ ಕಥೆ ಕೇಳಿ ರಾಯರ ಹುಬ್ಬು ಮೇಲೇರಿತು. "ಕಲಿಸ್ಲಿಕ್ಕೆ ಕಳಿಸಿದ್ರ ಮೂಕ ಆಗಿ ಕೂತಾನ. ಇನ್ನೇನು ನೋಡಬೇಕೋ" ಎಂದು ಗೊಣಗುತ್ತ ಒಡ್ಡು ಹತ್ತಿದರು.

ಗುರಲಿಂಗಪ್ಪನನ್ನು ಕೇಳಿದರು, ಒಡ್ಡು ಯಾಕೆ ಹೀಗೆ ಹಾವಿನಂತೆ ಸುತ್ತಿ ಹೋಗಿದೆ ಎಂದು. "ನೆಲ ಸುತ್ತಿ ಹೋಗೈತ್ರಿ, ಅದಕ್ಕ" ಎಂದ. ನೆಟ್ಟಗೆ ಹಾಕಿದರೆ ಏನಾಗುತ್ತದೆ? "ತಗ್ಗಿನ್ಯಾಗ ನೀರು ಕೂಡಿ ಅಲ್ಲೇ ಒಡಿತೈತ್ರಿ. ಎರಡು ಸಲ ಒಡೆಸಿ ನೋಡೇವಿ." ಹಾಗೆನ್ನುವಾಗ ಅವನ ದನಿಯಲ್ಲಿ ನಾಚಿಕೆಯಿರಲಿಲ್ಲ. ರಾಯರು ಕೋಡಿಯ ಕಡೆ ನಡೆದರು.

ಅಷ್ಟರಲ್ಲಿ ಗುಡುಗಿತು, ಮೊದಲ ದಪ್ಪ ಹನಿಗಳು ಬಿದ್ದವು. ಗುರುಪಾದಯ್ಯನ ಜೀವ ಕೋಡಿಯಲ್ಲಿತ್ತು. ದೂರದಿಂದ ನೋಡಿದರೆ ಕೋಡಿಗಲ್ಲು ತೀರ ಕೆಳಗೆ ಕೂತಂತೆ ಕಂಡಿತು. ಇಷ್ಟು ದೊಡ್ಡ ಮಳೆ ಬರುತ್ತಿದೆ, ಹಿಂಗಾರಿ ಬಿತ್ತನೆ ಮುಂದಿದೆ, ಇನ್ನು ಗೇಣು ನೀರು ನಿಂತರೆ ಮುರಿಗೆವ್ವನ ಜೋಳ ಮಂಡಿಯುದ್ದ ಹೆಚ್ಚು ಬೆಳೆದೀತು. ಹನಿ ನೀರೂ ಹೋಗಬಾರದು ಎಂದವನು ಅವನೇ ಅಲ್ಲವೆ. ಆ ಆಸೆ ಅವನೊಳಗೆ ಇನ್ನೂ ಸತ್ತಿರಲಿಲ್ಲ. ದೂರ ನಿಲ್ಲಬೇಕೆಂಬುದು ಮರೆತುಹೋಯಿತು. ಓಡಿಬಂದು, ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ, ಕೋಡಿಗಲ್ಲಿನ ಮೇಲೆ ಇಟ್ಟು ಮಣ್ಣು ಮೆತ್ತತೊಡಗಿದ.

ಅಯ್ಯ ಇಟ್ಟ ಕಲ್ಲು. ಗುರಲಿಂಗಪ್ಪ ಮುಂದೆ ಬಂದವನು ಅಲ್ಲೇ ನಿಂತ. ರಾಯರ ಕಣ್ಣು ಅಯ್ಯನ ಮೇಲಿರಲಿಲ್ಲ, ಮಂದಿಯ ಮೇಲಿತ್ತು.

ಮುರಿಗೆವ್ವ ಕೆಸರಿಗಿಳಿದು ಬಂದಳು. ಬಗ್ಗಿ ಮೊದಲು ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅದೇ ಕೈಯಿಂದ ಅವನಿಟ್ಟ ಕಲ್ಲನ್ನು ಎತ್ತಿ ಆಚೆಗೆ ಒಗೆದಳು.

"ಬ್ಯಾಡ್ರಿ ಅಯ್ಯಾರ. ತಪ್ಪಾಕ್ಕೈತಿ."

ಬಿಜ್ಜರಗಿಯಲ್ಲಿ ಆ ಮಾತನ್ನು ಜಂಗಮನೊಬ್ಬನಿಗೆ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಗುರುಬಸವ್ವ ಕೆನ್ನೆ ಬಡಿದುಕೊಂಡಳು. ಗುರುಪಾದಯ್ಯ ಕೆಸರು ಕೈಯಲ್ಲೇ ಅವಳ ಮುಖ ನೋಡಿದ. ಕೆಳಗೆ ಕೂತಿದ್ದ ಕೋಡಿಗಲ್ಲು ಸರಿಯೋ, ತಾನಿಟ್ಟದ್ದು ಸರಿಯೋ, ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಡ್ಡು ಕಟ್ಟಿಯಾಗಿತ್ತು, ಕಲ್ಲು ಕೂತಾಗಿತ್ತು, ರಾಯರು ಬಂದಾಗಿತ್ತು. ವ್ರತ ಮುಗಿದಿತ್ತು. ಅವನ ಬಾಯಿಂದ ಮೊದಲ ಮಾತು ಬಂತು.

"ಯಾಕವ್ವಾ?"

"ಯಾಕಂದ್ರ, ನೀವು ಗೇಣು ಏರಿಸಿದ್ರ ನೀರೂ ಗೇಣು ಏರತೈತ್ರಿ. ಅಲ್ಲಿ ನೋಡ್ರಿ, ಆ ತುದ್ಯಾಗ ಒಡ್ಡಿನ ಮಣ್ಣು ಹೊಸಾದು, ಇನ್ನೂ ಕೂತಿಲ್ಲ, ಇಳದೈತಿ. ಕೋಡಿಗೆ ಹೋಗೂದಕ್ಕಿಂತ ಮೊದಲ ನೀರು ಅದರ ತೆಲಿ ಹತ್ತತೈತಿ. ಮುಂದಿನ ವರ್ಷ ಮಣ್ಣು ಕೂತ ಮ್ಯಾಲ ಎರಡು ಬೆರಳು ಏರಿಸೋಣಂತ. ಈ ವರ್ಷ ಆಗೂದಿಲ್ಲ."

"ಎರಡು ಬೆರಳೂ ಆಗೂದಿಲ್ಲ, ಒಂದ" ಎಂದ ಗುರಲಿಂಗಪ್ಪ ಹಿಂದಿನಿಂದ. "ಎರಡು ಏರಿಸಿದ್ರ ನನ್ನ ಹೊಲಕ್ಕ ನೀರು ಯಾವಾಗ ಬರಬೇಕು?"

"ನಿನ್ನ ಹೊಲದ್ದು ಮುಂದಿನ ವರ್ಷ ಮಾತಾಡೋಣು. ಈಗ ಸುಮ್ಮನಿರು."

ಗುರುಪಾದಯ್ಯ ಅವಳು ತೋರಿದ ತುದಿಯನ್ನು ನೋಡಿದ. ಇಳಿದಿತ್ತು. ಅವನ ಕಣ್ಣು ತುಂಬಿ ಬಂತು, ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ. ಸೋತು ಇಷ್ಟು ಸುಖಪಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲು. ಅಬ್ದುಲಗನಿ ಬಂಡಿಯ ಮೇಲಿಂದ ಕೊಡೆ ಬಿಚ್ಚುತ್ತ, "ನಿನ್ನ ಕೂಡನೂ ಜಗಳಾಡಿದ್ರು ನೋಡು" ಎಂದು ಕೂಗಿದ.

ಗುರುರಾಜರಾಯರು ಕೇಳಬೇಕಾಗಿದ್ದ 'ಯಾಕ' ಎಂಬುದಕ್ಕೆ ಉತ್ತರ ಆಗಲೇ ಸಿಕ್ಕಿತ್ತು. ತೊಯ್ದ ಟೊಪ್ಪಿಗೆಯನ್ನು ಹಿಂಡಿ ಮತ್ತೆ ತಲೆಗೇರಿಸಿ, ಗುರುಪಾದಯ್ಯನ ಹೆಗಲ ಮೇಲೆ ಕೈ ಇಟ್ಟರು. "ಹಸ್ತಾ ಮಳಿಗೆ ಬಬಲೇಶ್ವರದಾಗ ಶುರು ಮಾಡು. ನಿನ್ನೂರು. ಅಲ್ಲಿ ಮಂದಿ ಇವರಿಗಿಂತ ಹೆಚ್ಚು ಕೈ ಮುಗೀತಾರ" ಎಂದರು.

"ಹೌದ್ರಿ, ಮುಗೀತಾರ" ಎಂದ ಗುರುಪಾದಯ್ಯ. "ಈ ಮುರಿಗೆವ್ವನ ಕರಕೊಂಡು ಹೋಗ್ತೀನ್ರಿ."

ಅಷ್ಟು ಹೊತ್ತಿಗೆ ಒಡ್ಡಿನ ಹಿಂದೆ ನೀರು ತುಂಬಿ, ಕೋಡಿಗಲ್ಲಿನ ಅಂಚಿಗೆ ಬಂದು, ಒಂದು ಗಳಿಗೆ ನಿಂತು, ಅದರ ಮೇಲಿಂದ ಸದ್ದಿಲ್ಲದೆ ಗುರಲಿಂಗಪ್ಪನ ಹೊಲಕ್ಕೆ ಇಳಿಯತೊಡಗಿತು. ಎಲ್ಲರೂ ಮಳೆಯಲ್ಲಿ ನೆನೆಯುತ್ತ ನಿಂತು ನೋಡಿದರು. ಒಡ್ಡು ನಿಂತಿತು.